ಸೈಕಲ್‌ಗೆ ಯಾವ ಸೀಟು? ಮೆತ್ತನೆಯದೋ, ಸೀಳಿರುವುದೋ, ಚರ್ಮದ್ದೋ

ಸೈಕಲ್ ತಗೊಂಡು ಇನ್ನೂ ತಿಂಗಳಾಗಿಲ್ಲ, ಕೂತರೆ ನೋಯುತ್ತದೆ, ಯಾವ ಸೀಟು ಹಾಕಿಸಲಿ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಬೆಳಿಗ್ಗೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಸಿಗುವವರು ಕೇಳುತ್ತಾರೆ, ಗದಗಿನಿಂದ ಫೋನ್ ಮಾಡಿ ಕೇಳುತ್ತಾರೆ. ಅಂಗಡಿಗೆ ಹೋದರೆ ಅಗಲವಾದ ಮೆತ್ತನೆಯ ಸೀಟು ತೋರಿಸುತ್ತಾರೆ. ಆನ್‌ಲೈನ್ ನೋಡಿದರೆ ನಡುವೆ ಸೀಳಿರುವುದು, ಮೂಗು (ಸೀಟಿನ ಮುಂದಿನ ಚೂಪು ಭಾಗ) ಮೋಟಾಗಿರುವುದು, ಜೆಲ್ ತುಂಬಿದ್ದು, ಚರ್ಮದ್ದು, ಕೆಲವು ನೂರು ರೂಪಾಯಿಯಿಂದ ಹಿಡಿದು 20 ಸಾವಿರ ದಾಟುವವರೆಗೆ ಸಾಲುಸಾಲಾಗಿ ಬರುತ್ತವೆ. ತಲೆ ಕೆಡದೆ ಇನ್ನೇನು? ಹಾಗಾಗಿ ನನಗೆ ತಿಳಿದದ್ದನ್ನೆಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೆರಳಿನಿಂದ ಒತ್ತಿ ನೋಡಿ ಸೀಟು ಆರಿಸಬೇಡಿ. ನಿಮ್ಮ ಕೂರುವ ಎಲುಬಿನ ಅಗಲ ಎಷ್ಟು, ಸೈಕಲ್ ಮೇಲೆ ನೀವು ಎಷ್ಟು ಮುಂದಕ್ಕೆ ಬಾಗುತ್ತೀರಿ, ಇವೆರಡನ್ನು ನೋಡಿ ಆರಿಸಿ. ದೂರ, ಮಳೆ, ದುಡ್ಡು ಇವೆಲ್ಲ ಆಮೇಲೆ ಬರುವ ಮಾತು.

ಯಾಕೆ ಅಂತೀರಾ? ಕಲ್ಲಿನ ಕಟ್ಟೆ ಮೇಲೆ ಕೂತು ಕೆಳಗೆ ಅಂಗೈ ಇಟ್ಟು ನೋಡಿ. ಎರಡು ಎಲುಬಿನ ಗಂಟು ಕೈಗೆ ಒತ್ತುತ್ತವೆ. ದೇವರು ಕೂರುವುದಕ್ಕೆ ಅಂತ ಕೊಟ್ಟಿದ್ದು ಅವೇ. ಸೀಟು ಹೊರಬೇಕಾದದ್ದು ಆ ಎರಡು ಗಂಟಿನ ಭಾರವನ್ನು. ಅವುಗಳ ನಡುವಿನ ಮೆತ್ತನೆಯ ಜಾಗದಲ್ಲಿ ನರ, ರಕ್ತನಾಳ ಹಾದುಹೋಗುತ್ತವೆ, ಅಲ್ಲಿ ಭಾರ ಬೀಳಬಾರದು. ಸೀಟು ಕಿರಿದಾದರೆ ಗಂಟುಗಳು ಅಂಚಿನಿಂದ ಹೊರಗೆ ಜಾರಿ ಇಡೀ ಭಾರ ನಡುವೆ ಬೀಳುತ್ತದೆ. ಸೀಟು ವಿಪರೀತ ಮೆತ್ತಗಿದ್ದರೂ ಕೊನೆಗೆ ಅದೇ ಗತಿ: ಗಂಟುಗಳು ಫೋಮಿನಲ್ಲಿ ಹುದುಗುತ್ತವೆ, ನಡುವಿನ ಫೋಮು ಮೇಲೆದ್ದು ಒತ್ತುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೂತಾಗ ಹಾಯೆನಿಸಿದ ಸೀಟು ಹುಬ್ಬಳ್ಳಿ-ಧಾರವಾಡ ದಾರಿಯ ನವಲೂರು ದಾಟುವ ಹೊತ್ತಿಗೆ ಜೋಮು ಹಿಡಿಸುವುದು ಇದಕ್ಕೇ.

ಇನ್ನು ಬಾಗುವ ವಿಷಯ. ನೆಟ್ಟಗೆ ಕೂತು ಓಡಿಸಿದರೆ ಸೊಂಟ ಹಿಂದಕ್ಕೆ ವಾಲುತ್ತದೆ, ಭಾರ ಹಿಂದಿನ ಅಗಲ ಭಾಗಕ್ಕೆ ಹೋಗುತ್ತದೆ, ಅಗಲ ಸೀಟು ಬೇಕಾಗುತ್ತದೆ. ಬಾಗಿದಷ್ಟೂ ಸೊಂಟ ಮುಂದಕ್ಕೆ ತಿರುಗುತ್ತದೆ, ಎಲುಬು ಸೀಟಿಗೆ ತಾಗುವ ಜಾಗ ಕಿರಿದಾಗುತ್ತ ಹೋಗುತ್ತದೆ. ಆಗ ಅಗಲ ಸೀಟಿದ್ದರೆ ತೊಡೆಯ ಒಳಭಾಗ ಉಜ್ಜಿ ಚರ್ಮ ಕಿತ್ತು ಬರುತ್ತದೆ. ಅಂದರೆ ಒಬ್ಬನೇ ಮನುಷ್ಯನಿಗೆ ಹಳೆಯ ಅಟ್ಲಾಸ್ ಸೈಕಲ್‌ಗೆ ಒಂದು ಸೀಟು, ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್‌ಗೆ ಬೇರೆಯೇ ಸೀಟು ಬೇಕಾಗಬಹುದು. ಗೆಳೆಯನಿಗೆ ಒಗ್ಗಿದ್ದು ನಿಮಗೂ ಒಗ್ಗುತ್ತದೆ ಅನ್ನುವ ಖಾತ್ರಿ ಇಲ್ಲ.

ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ಸೀಟಿನ ಎತ್ತರ ಮತ್ತು ಓರೆ ನೋಡಿ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದಾಗ ಮೊಣಕಾಲು ತುಸು ಮಡಚಿಕೊಂಡೇ ಇರುತ್ತದೆ, ಅಷ್ಟು ಸಾಕು. ನಮ್ಮಲ್ಲಿ ಬಹಳ ಮಂದಿ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಅಂತ ಸೀಟು ಇಳಿಸಿಕೊಂಡಿರುತ್ತಾರೆ. ಹಾಗೆ ಕೂತರೆ ಕಾಲು ಭಾರ ಹೊರುವುದಿಲ್ಲ, ಎಲ್ಲ ಭಾರ ಸೀಟಿನ ಮೇಲೆಯೇ, ಮೊಣಕಾಲಿನ ಮುಂಭಾಗವೂ ನೋಯುತ್ತದೆ. ಉಲ್ಟಾ, ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಜಾಸ್ತಿ ಎತ್ತರ ಆಗಿದೆ ಅಂತ ತಿಳಿಯಿರಿ. ಓರೆ ನೋಡಲು ಸೀಟಿನ ಮೇಲೆ ಒಂದು ದಪ್ಪ ರಟ್ಟಿನ ಪುಸ್ತಕ ಇಟ್ಟು ಅದರ ಮೇಲೆ ಗೌಂಡಿಗಳ ರಸಮಟ್ಟ ಇಡಿ, ಇಲ್ಲದಿದ್ದರೆ ಮೊಬೈಲಿನದ್ದೂ ನಡೆಯುತ್ತದೆ. ಸಮಮಟ್ಟದಿಂದ ಶುರು ಮಾಡಿ. ಮೂಗು ಮೇಲೆದ್ದಿದ್ದರೆ ಎಷ್ಟೇ ದುಬಾರಿ ಸೀಟಾದರೂ ಒತ್ತುತ್ತದೆ. ಜಾಸ್ತಿ ಕೆಳಗಿದ್ದರೆ ಮುಂದಕ್ಕೆ ಜಾರುತ್ತ ಅಂಗೈಗೆ ಭಾರ ಬೀಳುತ್ತದೆ. ಟೈರಿಗೆ ಗಾಳಿ ಕಲ್ಲಿನ ಹಾಗೆ ತುಂಬಿಸಿದ್ದರೆ ಸ್ವಲ್ಪ ಇಳಿಸಿ. ಇಷ್ಟಕ್ಕೇ ಅರ್ಧ ತಕರಾರು ಮುಗಿದುಹೋಗುವುದುಂಟು, ಒಂದು ರೂಪಾಯಿ ಖರ್ಚಿಲ್ಲದೆ.

ಹೊಸದಾಗಿ ಶುರು ಮಾಡಿದವರಿಗೆ ಮೊದಲ ಎರಡು ವಾರ ಆ ಎರಡು ಗಂಟುಗಳ ಕೆಳಗೆ ನೋವು ಇದ್ದೇ ಇರುತ್ತದೆ, ಅದು ರೂಢಿಯಾಗುತ್ತದೆ, ಅದಕ್ಕೆ ಸೀಟು ಬದಲಿಸಬೇಡಿ. ಆದರೆ ಮುಂಭಾಗದಲ್ಲಿ ಜೋಮು ಹಿಡಿಯುವುದು, ಸ್ಪರ್ಶ ಗೊತ್ತಾಗದೆ ಹೋಗುವುದು, ಇದನ್ನು ಯಾವತ್ತೂ ರೂಢಿ ಮಾಡಿಕೊಳ್ಳಬಾರದು. ಗಂಡಸರಾಗಲಿ ಹೆಂಗಸರಾಗಲಿ ನಾಚಿಕೆ ಪಟ್ಟುಕೊಂಡು ಸುಮ್ನೆ ಇರುವ ವಿಷಯ ಅಲ್ಲ ಇದು. ಸೀಟು ಹೊಂದಿಸಿದ ಮೇಲೂ ಹೋಗದಿದ್ದರೆ ಸೀಟು ಬದಲಿಸಿ, ಆಮೇಲೂ ಉಳಿದರೆ ಡಾಕ್ಟರಿಗೆ ಹೇಳಿ.

ಈಗ ಅಳತೆ. ಅಂಗಡಿಯಲ್ಲಿ ಇದಕ್ಕೊಂದು ಸಾಧನ ಇದ್ದರೆ ಸರಿ, ಇಲ್ಲದಿದ್ದರೆ ಮನೆಯಲ್ಲೇ ಆಗುತ್ತದೆ. ಟಿವಿಯದೋ ಮಿಕ್ಸರಿನದೋ ಖಾಲಿ ಡಬ್ಬಿ ಇರುತ್ತದಲ್ಲ, ಒಳಗೆ ಅಲೆಅಲೆಯಾಗಿರುವ ರಟ್ಟು, ಅದರ ಒಂದು ತುಂಡು ಕತ್ತರಿಸಿ ಗಟ್ಟಿ ಸ್ಟೂಲಿನ ಮೇಲೋ ಕಟ್ಟೆಯ ಮೇಲೋ ಇಡಿ. ತೆಳು ಬಟ್ಟೆ ಹಾಕಿಕೊಂಡು ಕೂರಿ. ಕಾಲ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟುಕೊಂಡರೆ ಮೊಣಕಾಲು ಮೇಲೆ ಬಂದು ಎಲುಬು ಚೆನ್ನಾಗಿ ಒತ್ತುತ್ತದೆ. ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದು ಅರ್ಧ ನಿಮಿಷ ಬಿಗಿಯಾಗಿ ಎಳೆದುಕೊಳ್ಳಿ. ಎದ್ದು ನೋಡಿದರೆ ರಟ್ಟಿನ ಮೇಲೆ ಎರಡು ತಗ್ಗು ಬಿದ್ದಿರುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೇಲೆ ಸವರಿ, ತಗ್ಗಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಒಂದು ತಗ್ಗಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಸ್ಕೇಲಿನಿಂದ ಅಳೆಯಿರಿ. ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ನಡುವೆ ಬರುತ್ತದೆ. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಜಾಸ್ತಿ, ಆದರೆ ಮೈ ದಪ್ಪ ಇದೆಯೋ ತೆಳ್ಳಗಿದೆಯೋ ಅನ್ನುವುದರಿಂದ ಇದನ್ನು ಊಹಿಸಲು ಬರುವುದಿಲ್ಲ. ದಪ್ಪ ಮನುಷ್ಯನಿಗೆ ಕಿರಿದು ಎಲುಬು ಇರಬಹುದು.

ಬಂದ ಅಳತೆಗೆ ಪೂರ್ತಿ ನೆಟ್ಟಗೆ ಕೂರುವವರು ಸುಮಾರು 4 ಸೆಂ.ಮೀ. ಸೇರಿಸಿ, ತುಸು ಬಾಗುವವರು 3, ಗುಡ್ಡಗಾಡು ಸೈಕಲ್ಲಿನವರು 2, ಬಾಗಿದ ಹ್ಯಾಂಡಲ್ ಹಿಡಿದು ಮಲಗಿದ ಹಾಗೆ ಬಾಗುವವರು 1. ಉದಾಹರಣೆಗೆ ತಗ್ಗುಗಳ ಅಂತರ 11 ಸೆಂ.ಮೀ. ಇದ್ದು, ಹೈಬ್ರಿಡ್ (ರೋಡ್ ಸೈಕಲ್ಲಿಗೂ ಗುಡ್ಡಗಾಡು ಸೈಕಲ್ಲಿಗೂ ನಡುವಿನ) ಸೈಕಲ್ಲಿನಲ್ಲಿ ತುಸು ಬಾಗಿ ಓಡಿಸುತ್ತೀರಿ ಅಂದರೆ 14 ಸೆಂ.ಮೀ. ಆಸುಪಾಸಿನ ಸೀಟು. ಒಳ್ಳೆ ಕಂಪನಿಗಳು ಒಂದೇ ಸೀಟನ್ನು 143, 155, 168 ಮಿ.ಮೀ. ಹೀಗೆ ಬೇರೆ ಬೇರೆ ಅಗಲದಲ್ಲಿ ಮಾರುವುದು ಇದಕ್ಕಾಗಿಯೇ. ಅಗಲವನ್ನೇ ಬರೆಯದೆ ಬರೀ "ಕಂಫರ್ಟ್" ಅಂತ ಬರೆದು ಮಾರುವ ಸೀಟಿನಿಂದ ದೂರ ಇರಿ.

ಅಳತೆ ಕೈಯಲ್ಲಿದ್ದರೆ ಒಂದೊಂದೇ ಸೀಟು ನೋಡೋಣ.

ಅಗಲವಾದ ಸ್ಪ್ರಿಂಗ್ ಸೀಟನ್ನು ಈಗಿನವರು ಹಳೇ ಕಾಲದ್ದು ಅಂತ ತಳ್ಳಿಹಾಕುತ್ತಾರೆ. ಅದು ತಪ್ಪು. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹಳ್ಳಿಯಿಂದ ಊರಿಗೆ ಬರುವವರು, ಹೊಲಕ್ಕೆ ಹೋಗುವವರು, ದುರ್ಗದ ಬೈಲಿಗೆ ಸಂತೆಗೆ ಅಂತ ಬರುವ ಹಿರಿಯರು, ಇವರೆಲ್ಲ ನೆಟ್ಟಗೆ ಕೂತು ನಿಧಾನ ತುಳಿಯುವವರು. ಇವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸ್ಪ್ರಿಂಗು ಗುಂಡಿಯ ಏಟನ್ನು ನುಂಗುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹರಿದರೆ ಮೇಲಿನ ರೆಕ್ಸಿನ್ ಬದಲಿಸಿ ಹೊಲಿದುಕೊಡುವವರು ಊರೂರಲ್ಲಿ ಇದ್ದಾರೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಂಥ ಸೈಕಲ್ಲುಗಳು ಇನ್ನೂ ಎಷ್ಟೋ ಮನೆಯಲ್ಲಿವೆ, ಅವಕ್ಕೂ ಇಂಥದ್ದೇ ಸರಿ. ಕೊರತೆ ಏನೆಂದರೆ ತೂಕ ಜಾಸ್ತಿ, ಜೋರಾಗಿ ತುಳಿದರೆ ಮೈ ಮೇಲೆ ಕೆಳಗೆ ಕುಣಿದು ಶಕ್ತಿ ಸ್ಪ್ರಿಂಗಿಗೇ ಹೋಗುತ್ತದೆ, ದೂರ ಹೋದರೆ ತೊಡೆ ಉಜ್ಜುತ್ತದೆ. 8-10 ಕಿ.ಮೀ. ಒಳಗೆ ಓಡಾಡುವವರು ಬೇರೆ ಯೋಚನೆ ಮಾಡಬೇಕಿಲ್ಲ.

ಜೆಲ್ ಕವರ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ತಗೋಬೇಡಿ. 300-400 ರೂಪಾಯಿ ಅಂತ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ದಾರ ಎಷ್ಟೇ ಬಿಗಿದರೂ ಅದು ಸೀಟಿನ ಮೇಲೆ ಜಾರಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೊರಗೆ ನಿಲ್ಲಿಸಿದರೆ ಕಾದು ಕೆಂಡ ಆಗುತ್ತದೆ, ಮಳೆಗೆ ನೀರು ಕುಡಿದು ಎರಡು ದಿನ ಒಣಗುವುದಿಲ್ಲ. ಕಿರಿದಾದ ಸೀಟಿಗೆ ಹಾಕಿದರೆ ಅಗಲ ಬಂದಂತೆ ಕಾಣುತ್ತದೆ ಅಷ್ಟೇ, ಎಲುಬಿಗೆ ಆಧಾರ ಬರುವುದಿಲ್ಲ. ವಾರಕ್ಕೊಮ್ಮೆ ತೋಳನಕೆರೆ ಸುತ್ತುವವರಿಗೆ, ಜಿಮ್ಮಿನ ಸೈಕಲ್ಲಿಗೆ ನಡೆಯುತ್ತದೆ. ಉಳಿದವರು ಅದಕ್ಕೆ ಇನ್ನಷ್ಟು ದುಡ್ಡು ಸೇರಿಸಿ ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ತಗೊಳ್ಳಿ. ಪ್ಯಾಡು ಮೈಗೆ ಅಂಟಿಕೊಂಡಿರುವುದರಿಂದ ಮೈಯ ಜೊತೆಗೇ ಸರಿಯುತ್ತದೆ, ಬೆವರು ಹೀರುತ್ತದೆ. ಚೂಡಿದಾರ ಅಥವಾ ಪ್ಯಾಂಟಿನ ಒಳಗೆ ಹಾಕಿಕೊಳ್ಳಲು ಬರುವಂಥದ್ದೂ ಸಿಗುತ್ತದೆ. ಅದರ ಒಳಗೆ ಮತ್ತೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯ ಮಾಡುತ್ತದೆ. ಪ್ರತಿ ಸಲ ಒಗೆದೇ ಹಾಕಿ.

ನಡುವೆ ಸೀಳಿರುವ, ತಕ್ಕಮಟ್ಟಿಗೆ ಗಟ್ಟಿ ಫೋಮಿನ ಸೀಟು. ಹೈಬ್ರಿಡ್ ಅಥವಾ ಗೇರ್ ಸೈಕಲ್ ಇರುವ ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ. ಸೀಳಿನಿಂದ ನಡುವಿನ ಒತ್ತಡ ಕಡಿಮೆ ಆಗುತ್ತದೆ, ಗಾಳಿಯೂ ಆಡುತ್ತದೆ. 1,000ದಿಂದ 2,500 ರೂಪಾಯಿ ಇಟ್ಟುಕೊಂಡರೆ ಬಾಳಿಕೆ ಬರುವಂಥದ್ದು ಸಿಗುತ್ತದೆ, ದಿನಾ ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡಿದರೂ ತಡೆಯುತ್ತದೆ. ಒಂದು ತೊಂದರೆ ಇದೆ: ಕೆಲವರಿಗೆ, ಅದರಲ್ಲೂ ಕೆಲವು ಹೆಂಗಸರಿಗೆ, ಸೀಳಿನ ಅಂಚೇ ಒತ್ತುತ್ತದೆ. ಅಂಥವರಿಗೆ ಪೂರ್ತಿ ತೂತಿಲ್ಲದೆ ನಡುವೆ ಕಾಲುವೆಯ ಹಾಗೆ ತಗ್ಗು ಮಾಡಿರುವುದು ಒಗ್ಗುತ್ತದೆ. ಇನ್ನೊಂದು, ಮಡ್‌ಗಾರ್ಡ್ ಇಲ್ಲದ ಸೈಕಲ್ಲಾದರೆ ಮಳೆಗಾಲದಲ್ಲಿ ಹಿಂದಿನ ಚಕ್ರದ ಎರೆಮಣ್ಣಿನ ರಾಡಿ ಸೀಳಿನಿಂದ ಸೀದಾ ಮೇಲೆ ಬರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಓಡಿಸುವವರಿಗೆ ಈ ಮಣ್ಣು ಎಂಥದ್ದು ಅಂತ ಹೇಳಬೇಕಿಲ್ಲ. ಮಡ್‌ಗಾರ್ಡ್ ಹಾಕಿಸಿ.

ಮೋಟು ಮೂಗಿನ ಸೀಟು ಈಗ ಎಲ್ಲೆಡೆ ಕಾಣುತ್ತದೆ. ಮಾಮೂಲಿ ಸೀಟು 27-28 ಸೆಂ.ಮೀ. ಉದ್ದ ಇದ್ದರೆ ಇದು 24-25. ಬಾಗಿ, ಕೆಳಗಿನ ಹ್ಯಾಂಡಲ್ ಹಿಡಿದು ಜೋರಾಗಿ ತುಳಿಯುವವರಿಗೆ ಮುಂದೆ ಒತ್ತುವ ಭಾಗವೇ ಇಲ್ಲದ್ದರಿಂದ ಬಹಳ ಆರಾಮ. ನೆಟ್ಟಗೆ ಕೂರುವವರಿಗೆ ಇದರಿಂದ ಲಾಭ ಕಡಿಮೆ, ದುಡ್ಡು ದಂಡ. ದೂರ ಹೋಗುವಾಗ ಹಿಂದೆ ಮುಂದೆ ಸರಿದು ಕೂರುವ ಅಭ್ಯಾಸ ಇದ್ದವರಿಗೂ ಜಾಗ ಸಾಲದು ಅನಿಸುತ್ತದೆ. ಗದಗದಲ್ಲಿ ರೇಸಿಗೆ ತಯಾರಾಗುವ ಹುಡುಗ-ಹುಡುಗಿಯರು ಬಹಳ ಇದ್ದಾರೆ, ಅವರು ಒಂದು ಮಾತು ನೆನಪಿಡಿ: ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಸೀಟಿನ ಉದ್ದ 24ರಿಂದ 30 ಸೆಂ.ಮೀ. ಒಳಗೇ ಇರಬೇಕು. ಅದಕ್ಕಿಂತ ಮೋಟಾದದ್ದು ತಗೊಂಡರೆ ಸ್ಪರ್ಧೆಯಲ್ಲಿ ತಕರಾರು ಬರುತ್ತದೆ.

ಮೂಗೇ ಇಲ್ಲದ ಸೀಟೂ ಇದೆ. ನೋಡಲು ವಿಚಿತ್ರ, ಆದರೆ ಹಿಂದೆ ಒಳ್ಳೆ ಅಧ್ಯಯನ ಇದೆ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ 6 ತಿಂಗಳು ಇಂಥ ಸೀಟು ಕೊಟ್ಟು ನೋಡಿದರು, 2008ರಲ್ಲಿ ವರದಿ ಬಂತು. ಮಾಮೂಲಿ ಸೀಟಿನಲ್ಲಿ ಜೋಮು ಹಿಡಿಯುವುದಿಲ್ಲ ಅಂದವರು ಶೇ. 27 ಇದ್ದರು, ಮೂಗಿಲ್ಲದ ಸೀಟಿನಲ್ಲಿ ಅವರು ಶೇ. 82 ಆದರು. ಆದರೆ ತೊಡೆಯ ನಡುವೆ ಮೂಗು ಇಲ್ಲದಿದ್ದರೆ ತಿರುವಿನಲ್ಲಿ ಸೈಕಲ್ ಹಿಡಿತಕ್ಕೆ ಸಿಗುವುದು ಕಷ್ಟ, ಕೈಗೂ ಭಾರ ಬೀಳುತ್ತದೆ. ನಮ್ಮ ರಸ್ತೆಯ ಗುಂಡಿ, ಅಡ್ಡ ಬರುವ ಆಟೋ, ದನ, ಇವುಗಳ ನಡುವೆ ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ. ಬೇರೆ ಎಲ್ಲ ಮಾಡಿ ನೋಡಿದರೂ ಜೋಮು ಹೋಗದವರಿಗೆ ಇದು ಕೊನೆಯ ದಾರಿ, ಒಳ್ಳೆಯ ದಾರಿಯೇ.

ಇನ್ನು ಚರ್ಮದ ಸೀಟು. ಬ್ರೂಕ್ಸ್ ಅನ್ನುವ ಹೆಸರು ಕೇಳಿರುತ್ತೀರಿ. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ತೊಗಲಿನ ಸಾಮಾನು ಮಾಡುತ್ತ ಶುರುವಾದ ಕಂಪನಿ, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ತಗೊಂಡಿತು. ಇದರಲ್ಲಿ ಫೋಮು ಇಲ್ಲವೇ ಇಲ್ಲ. ಹಿಂದಿನ ಉಕ್ಕಿನ ಪಟ್ಟಿಗೂ ಮುಂದಿನ ಮೂಗಿಗೂ ನಡುವೆ ದಪ್ಪ ತೊಗಲನ್ನು ಹೊರಸಿನ ನುಲಿಯಂತೆ ಬಿಗಿದಿರುತ್ತಾರೆ. ಮೊದಲು ಮರದ ಹಲಗೆಯಷ್ಟು ಗಟ್ಟಿ. ಕೆಲವು ನೂರು ಕಿ.ಮೀ. ಓಡಿಸುವ ಹೊತ್ತಿಗೆ ನಿಮ್ಮದೇ ಎರಡು ಎಲುಬಿನ ಜಾಗದಲ್ಲಿ ಸಣ್ಣ ತಗ್ಗು ಬಿದ್ದು ನಿಮ್ಮ ಮೈಗೇ ಹೊಲಿಸಿದ ಹಾಗೆ ಆಗುತ್ತದೆ. ಮೂಗಿನ ಕೆಳಗೆ ಒಂದು ಬೋಲ್ಟ್ ಇರುತ್ತದೆ, ತೊಗಲು ಜೋತುಬಿದ್ದರೆ ಅದನ್ನು ಕಾಲು ಸುತ್ತು ಬಿಗಿಯಬೇಕು, ಒಮ್ಮೆಗೇ ಜಾಸ್ತಿ ತಿರುಗಿಸಿದರೆ ತೊಗಲು ಹರಿಯುತ್ತದೆ. ಬೆಲೆ 10 ಸಾವಿರದ ಆಸುಪಾಸು, ತೂಕ ಅರ್ಧ ಕಿಲೋ. ಚೆನ್ನಾಗಿ ನೋಡಿಕೊಂಡರೆ ಹತ್ತಾರು ವರ್ಷ ಬರುತ್ತದೆ, ಆ ಲೆಕ್ಕದಲ್ಲಿ ದುಬಾರಿ ಅಲ್ಲ. 200, 300, 600 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಓಡಿಸುವವರು ಇದನ್ನು ಬಿಡದೆ ಹಿಡಿದುಕೊಳ್ಳುವುದಕ್ಕೆ ಕಾರಣ ಇದೆ. 600 ಕಿ.ಮೀ.ಗೆ 40 ಗಂಟೆ ಸಮಯ ಇರುತ್ತದೆ, ಅಷ್ಟು ಹೊತ್ತಿನಲ್ಲಿ ಫೋಮು ಅಮುಕಿ ಸತ್ತಿರುತ್ತದೆ, ತೊಗಲು ಹಾಗೇ ಇರುತ್ತದೆ, ಗಾಳಿಯಾಡಿ ತಂಪಾಗಿಯೂ ಇರುತ್ತದೆ.

ಆದರೆ ಮಳೆಗೆ ಇದು ಆಗದು. ನೆನೆದ ತೊಗಲಿನ ಮೇಲೆ ಕೂತರೆ ಆಕಾರ ಕೆಟ್ಟೇ ಹೋಗುತ್ತದೆ. ಇಲ್ಲಿ ಊರು ನೋಡಿ ನಿರ್ಧಾರ ಮಾಡಬೇಕು. ಧಾರವಾಡ ಮಲೆನಾಡಿನ ಅಂಚು, ಜುಲೈ-ಆಗಸ್ಟಿನಲ್ಲಿ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಅಳ್ನಾವರ-ಕಲಘಟಗಿ ಕಡೆ ಇನ್ನೂ ಜಾಸ್ತಿ. ಹಾನಗಲ್ಲಿನವರಿಗೂ ಇದೇ ಮಾತು. ಗದಗ, ರೋಣ, ಮುಂಡರಗಿ ಕಡೆ ಒಣ ಹವೆ, ಅಲ್ಲಿ ಚರ್ಮದ ಸೀಟು ನಿಶ್ಚಿಂತೆ. ಧಾರವಾಡದವರಿಗೂ ಬೇಕೇ ಬೇಕು ಅಂದರೆ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರಲಿ, ಮಡ್‌ಗಾರ್ಡ್ ಇರಲಿ, ಮಳೆಗಾಲದ ಮೊದಲು ಮೇಣದ ಪಾಲಿಶ್ ಹಚ್ಚಿ, ನೆನೆದರೆ ನೆರಳಲ್ಲಿ ಒಣಗಿಸಿ. ಅದೇ ಕಂಪನಿ ರಬ್ಬರಿನ ಸೀಟೂ ಮಾಡುತ್ತದೆ, ಕ್ಯಾಂಬಿಯಂ ಅಂತ, ಮಳೆಗೆ ಹೆದರಬೇಕಿಲ್ಲ, ಪಳಗಿಸುವ ಕೆಲಸವೂ ಇಲ್ಲ, ಆದರೆ ತೊಗಲಿನಷ್ಟು ಮೈಗೆ ಹೊಂದುವುದಿಲ್ಲ. ಮತ್ತೊಂದು, ಸೈಕಲ್ಲನ್ನು ಸಿಬಿಟಿ (ಸಿಟಿ ಬಸ್ ನಿಲ್ದಾಣ) ಅಥವಾ ರೈಲ್ವೆ ಸ್ಟೇಶನ್ ಹೊರಗೆ ದಿನವಿಡೀ ನಿಲ್ಲಿಸಿ ಹೋಗುವವರು ದುಬಾರಿ ಸೀಟು ಹಾಕಿಸಲೇಬೇಡಿ. ಕಳ್ಳನಿಗೆ ಬೋಲ್ಟ್ ಬಿಚ್ಚುವ ಒಂದು ಅಲೆನ್ ಕೀ ಸಾಕು.

ಹಾಗಾದರೆ ನಿಮಗೆ ಯಾವುದು? ನಿಮ್ಮ ಹತ್ತಿರ 500 ರೂಪಾಯಿ ಮಾತ್ರ ಇದ್ದು ನೆಟ್ಟಗೆ ಕೂರುತ್ತೀರಾ, ಸ್ಪ್ರಿಂಗ್ ಸೀಟು. 500 ಇದ್ದು ಬಾಗಿ ಓಡಿಸುತ್ತೀರಾ, ಈಗಿನ ಸೀಟೇ ಇರಲಿ, ಸರಿಯಾಗಿ ಹೊಂದಿಸಿ, ದುಡ್ಡು ಚಡ್ಡಿಗೆ ಹಾಕಿ. ಎರಡು ಸಾವಿರದ ತನಕ ಇದ್ದರೆ ಅಳತೆಗೆ ತಕ್ಕ ಸೀಳು ಸೀಟು, ಇದರಲ್ಲಿ ಹೆಚ್ಚಿನವರ ಕಥೆ ಮುಗಿಯುತ್ತದೆ. ರೇಸು, ಜೋರು ಸವಾರಿ ಇದ್ದು ದುಡ್ಡಿಗೆ ತೊಂದರೆ ಇಲ್ಲದಿದ್ದರೆ ಮೋಟು ಮೂಗು. ವಾರಾಂತ್ಯಕ್ಕೆ ನೂರಾರು ಕಿ.ಮೀ. ಹೋಗುವವರು, ತಾಳ್ಮೆ ಇರುವವರು, ಸೈಕಲ್ಲನ್ನು ಮನೆಯೊಳಗೆ ಇಡುವವರು ಚರ್ಮಕ್ಕೆ ಹೋಗಿ. ಬೆಳೆಯುವ ಮಕ್ಕಳಿಗೆ ದುಬಾರಿ ಸೀಟು ಬೇಡ, ಮೂರು ತಿಂಗಳಿಗೊಮ್ಮೆ ಎತ್ತರ ಹೊಂದಿಸುವುದು ಅದಕ್ಕಿಂತ ದೊಡ್ಡ ಉಪಕಾರ.

ತಗೊಳ್ಳುವ ಮುನ್ನ ನಿಮ್ಮ ಸೈಕಲ್ಲಿನ ಸೀಟ್ ಪೋಸ್ಟ್, ಅಂದರೆ ಸೀಟು ಕೂರುವ ಪೈಪು, ನೋಡಿಕೊಳ್ಳಿ. ಹಳೇ ಸೈಕಲ್ಲುಗಳಲ್ಲಿ ಬರೀ ಪೈಪು ಇದ್ದು ಸೀಟಿಗೇ ಕ್ಲಾಂಪು ಇರುತ್ತದೆ, ಹೊಸವುಗಳಲ್ಲಿ ಕ್ಲಾಂಪು ಪೋಸ್ಟಿನಲ್ಲೇ ಇರುತ್ತದೆ, ಸೀಟಿನ ಕೆಳಗೆ 7 ಮಿ.ಮೀ. ದಪ್ಪದ ಎರಡು ಕಂಬಿ ಮಾತ್ರ. ಆನ್‌ಲೈನ್ ತರಿಸುವುದಾದರೆ ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ಓದಿ, ಬಿಲ್ಲು ಇಟ್ಟುಕೊಳ್ಳಿ, ಮೊದಲ ಸಲ ಮನೆ ಸುತ್ತ ಓಡಿಸಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ಒಂದು ತಾಸಾದರೂ ಓಡಿಸಿ. ಹಳೇ ಸೀಟು ತೆಗೆಯುವ ಮೊದಲು ಪೋಸ್ಟಿಗೆ ಒಂದು ಸುತ್ತು ಟೇಪ್ ಹಚ್ಚಿ ಗುರುತು ಮಾಡಿ. ಹೊಸ ಸೀಟಿನ ದಪ್ಪ ಬೇರೆ ಇರುತ್ತದೆ, ಹಾಗಾಗಿ ಪೆಡಲಿನಿಂದ ಸೀಟಿನ ಮೇಲ್ಭಾಗದವರೆಗೂ ಅಳೆದು ಬರೆದಿಟ್ಟುಕೊಳ್ಳಿ. ಪೋಸ್ಟಿನ ಮೇಲೆ ಕಂಪನಿಯವರು ಒಂದು ಗೆರೆ ಹಾಕಿರುತ್ತಾರೆ, ಆ ಗೆರೆ ಹೊರಗೆ ಕಾಣುವಷ್ಟು ಎತ್ತರಿಸಬೇಡಿ, ಪೋಸ್ಟು ಮುರಿಯುತ್ತದೆ. ಮೊದಲ ವಾರ ಕಳೆದ ಮೇಲೆ ಪಾನಾ ಹಿಡಿದು ಕ್ಲಾಂಪಿನ ಬೋಲ್ಟ್ ಇನ್ನೊಮ್ಮೆ ಬಿಗಿಯಿರಿ. ಹೊಸ ಸೀಟು ಓಡಿಸುತ್ತ ಓಡಿಸುತ್ತ ತಾನೇ ಮೂಗು ಎತ್ತುವುದು ಈ ಬೋಲ್ಟ್ ಸಡಿಲಾಗಿಯೇ.